ಅತ್ತೆಮನೆ ಅಟ್ಟದ ಕಾಯಿಗುಮ್ಮ

ಹನುಮಂತರಾಜು ತುಮಕೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಅಟೆಂಡರ್. ತುಮಕೂರಿನಲ್ಲಿ ಇದು ಗುಟ್ಟಿನ ವಿಷಯವೇನೂ ಆಗಿರಲಿಲ್ಲ. ಆದರೆ ಅವನು ಬಸ್ಸು ಹತ್ತಿ ಗುಬ್ಬಿಯಲ್ಲಿಳಿದು, ಅಲ್ಲಿಂದ ಆಟೋದಲ್ಲಿ ಆರು ಮೈಲಿ ಒಳಗಿರುವ ಸಾಸಲಪಾಳ್ಯದ ಅತ್ತೆಮನೆ ಮುಟ್ಟುವಷ್ಟರಲ್ಲಿ ಪ್ರೊಫೆಸರ್ ಆಗಿಬಿಟ್ಟಿರುತ್ತಿದ್ದ. ಹದಿನೆಂಟು ಮೈಲಿ ಪ್ರಯಾಣದಲ್ಲಿ ಇಷ್ಟು ದೊಡ್ಡ ಬಡ್ತಿ ರಾಜ್ಯದ ಬೇರೆ ಯಾವ ನೌಕರನಿಗೂ ಸಿಕ್ಕಿರಲಾರದು. ಅದೂ ಹಬ್ಬಹಬ್ಬಕ್ಕೂ.

ಇದರಲ್ಲಿ ಅವನ ತಪ್ಪು ಬಹಳ ಇರಲಿಲ್ಲವೆಂದು ಅವನ ಪರವಾಗಿ ಒಂದು ಮಾತು ಹೇಳಬೇಕು. ಇಪ್ಪತ್ತೆರಡು ವರ್ಷದ ಹಿಂದೆ, ಕುಣಿಗಲ್ ತಾಲ್ಲೂಕು ಹುಲಿಯೂರುದುರ್ಗದ ಈ ಹುಡುಗನಿಗೆ ಸಾಸಲಪಾಳ್ಯದ ಪ್ರಮೀಳಾಳನ್ನು ಗೊತ್ತು ಮಾಡಿದವರು ಅದೇ ಪಾಳ್ಯದ ರಾಮಾಂಜಿನಯ್ಯ. ಹುಡುಗನಿಗೆ ಏನು ಕೆಲಸ ಎಂದು ಹೆಣ್ಣಿನ ತಾಯಿ ಕೇಳಿದಾಗ ಅವರು, "ತುಮಕೂರು ಕಾಲೇಜಲ್ಲಿ ಪ್ರಾಣಿಶಾಸ್ತ್ರದಲ್ಲವ್ನೆ" ಎಂದರು. ಸುಳ್ಳಲ್ಲ. ಹುಡುಗ ಪ್ರಾಣಿಶಾಸ್ತ್ರದಲ್ಲೇ ಇದ್ದ, ಅದರ ಕಸ ಗುಡಿಸುತ್ತಿದ್ದ, ಅದರ ಬಾಟಲಿ ತೊಳೆಯುತ್ತಿದ್ದ. "ಹಂಗಾದ್ರೆ ಪ್ರೊಫೆಸ್ರು" ಎಂದು ಆ ತಾಯಿ ಚಿಕ್ಕಗಂಗಮ್ಮ ಸಂತೋಷಪಟ್ಟಾಗ ಹನುಮಂತರಾಜುವಿನ ಬಾಯಲ್ಲಿ ಉಪ್ಪಿಟ್ಟಿತ್ತು. ನುಂಗಿ ತಿದ್ದೋಣ ಎಂದುಕೊಂಡ. ನುಂಗುವಷ್ಟರಲ್ಲಿ ಅವರು ಒಳಗೆ ಹೋಗಿ ಇನ್ನೊಂದು ತಟ್ಟೆ ತಂದರು. ಅದನ್ನೂ ನುಂಗಬೇಕಾಯಿತು. ಹೀಗೆ ತಿದ್ದುವುದು ಇಪ್ಪತ್ತೆರಡು ವರ್ಷ ತಡವಾಯಿತು.

ಪ್ರಮೀಳಾಳಿಗೆ ಮದುವೆಯಾದ ಮೂರನೇ ದಿನವೇ ಗೊತ್ತಾಗಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ನಮ್ಮವ್ವನಿಗೆ ನೀವೇ ಹೇಳಿಕೊಳ್ಳಿ, ನಾನಂತೂ ಹೇಳುವುದಿಲ್ಲ ಎಂದು ಕೈತೊಳೆದುಕೊಂಡಳು. ಆದರೆ ಆ ಅವ್ವನಿಗೆ ಹೇಳುವುದು ಸುಲಭವಾಗಿರಲಿಲ್ಲ. ಚಿಕ್ಕಗಂಗಮ್ಮ ಗಂಡ ಹೋದ ಮೇಲೆ ಒಬ್ಬರೇ ತೋಟ ನಡೆಸಿದ ಹೆಂಗಸು. ತೆಂಗಿನಕಾಯಿ ವ್ಯಾಪಾರಿಯನ್ನು ನಂಬರು, ಲೈನ್‌ಮನ್ನನ್ನು ನಂಬರು, ಟೀವಿಯ ಹವಾಮಾನ ವರದಿಯನ್ನಂತೂ ಕೇಳುವುದೇ ಇಲ್ಲ. ಅವರು ನಂಬುತ್ತಿದ್ದುದು ಅಳಿಯನೊಬ್ಬನನ್ನೇ. ಹನುಮಂತರಾಜು ಒಂದು ಚೆಂಬು ನೀರು ಬಗ್ಗಿಸಿಕೊಳ್ಳಲು ಹೋದರೂ ಓಡಿ ಬಂದು ಕಸಿದುಕೊಂಡು, ಬರೆಯುವ ಕೈಯಲ್ಲಿ ಇಂಥ ಕೆಲಸ ಮಾಡಿಸಿದರೆ ಊರು ಏನಂದೀತು ಎನ್ನುತ್ತಿದ್ದರು. ಹಾಗೆ ನಂಬಿದವರ ಮುಂದೆ ಸಣ್ಣವನಾಗುವುದು ಯಾರಿಗೆ ಬೇಕು? ಹನುಮಂತರಾಜು ಪ್ರಪಂಚದಲ್ಲಿ ಹೆದರುತ್ತಿದ್ದುದು ಅದೊಂದಕ್ಕೇ.

ಕಳೆದ ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಸಾಸಲಪಾಳ್ಯದಿಂದ ಫೋನು ಬಂತು. ಅತ್ತೆಯ ಕೈಯನ್ನು ಅಟ್ಟದ ಮೇಲೆ ಏನೋ ಕಚ್ಚಿದೆ, ಏನೆಂದು ಯಾರಿಗೂ ಗೊತ್ತಾಗುತ್ತಿಲ್ಲ, ಪ್ರೊಫೆಸರು ಬಂದು ಹೇಳಬೇಕು.

ಆ ಕಡೆಯ ಅಟ್ಟದ ವಿಷಯ ಗೊತ್ತಿಲ್ಲದವರಿಗೆ ಇಲ್ಲೊಂದು ಮಾತು. ಬಲಿತ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯುವುದಕ್ಕೆ ಒಂದೇ ದಾರಿ: ಕಾಯನ್ನು ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುವುದು. ಒಳಗೆ ಲೊಟಲೊಟ ಎಂದರೆ ಆಗಿದೆ. ಚಿಕ್ಕಗಂಗಮ್ಮ ಏಣಿ ಹತ್ತಿದ್ದು ಅದಕ್ಕೇ. ಕತ್ತಲಲ್ಲಿ ಕಾಯಿಗೆಂದು ಕೈ ಚಾಚಿದಾಗ ಏನೋ ಹಿಡಿದುಕೊಂಡಿತು.

ಹನುಮಂತರಾಜು ಹೆಂಡತಿಯೊಡನೆ ಹೋದಾಗ ಪಡಸಾಲೆಯಲ್ಲಿ ಅರ್ಧ ಊರು ಕೂತಿತ್ತು. ಅತ್ತೆಯ ಎರಡು ಬೆರಳಿಗೆ ಗುಬ್ಬಿ ಆಸ್ಪತ್ರೆಯವರು ಕಟ್ಟು ಕಟ್ಟಿದ್ದರು. ಅವನಿಗೆಂದೇ ಇಟ್ಟಿದ್ದ ಕುರ್ಚಿಯನ್ನು ರಾಮಾಂಜಿನಯ್ಯ ತಮ್ಮ ಟವೆಲಿನಿಂದ ಒರೆಸಿ ಮುಂದೆ ತಳ್ಳಿದರು. ಈಗ ಅವರು ಮಾಜಿ ಪಂಚಾಯಿತಿ ಮೆಂಬರು. ಊರಿಗೆ ಪ್ರೊಫೆಸರ್ ಅಳಿಯನನ್ನು ತಂದವರು ತಾವೆಂಬ ಹೆಮ್ಮೆ ಅವರಿಗೆ ಮೆಂಬರ್‌ಗಿರಿಗಿಂತ ದೊಡ್ಡದು.

"ಓಡಿ ಬರ್ಲಿಲ್ಲ, ಬುಸ್ ಅನ್ಲಿಲ್ಲ ಅಳಿಯಂದ್ರೆ" ಎಂದರು ಚಿಕ್ಕಗಂಗಮ್ಮ. "ಕಾಯಿ ಮಧ್ಯೆ ಸುಮ್ಕೆ ಇತ್ತು. ಕೈ ಇಟ್ಟೆ, ಕಟಕ್ ಅಂತ ಹಿಡ್ಕೊಂಡ್ತು. ಒದರ್ದೆ. ಎಲ್ಗೋ ಹೋಗಿ ಬಿತ್ತು. ಆಮೇಕೆ ಸದ್ದೇ ಇಲ್ಲ. ಅದ್ಯಾವ ಪ್ರಾಣಿ?"

ಗೊತ್ತಿಲ್ಲ ಎಂಬ ಮಾತನ್ನು ನಿಜವಾದ ಪ್ರೊಫೆಸರುಗಳು ಧಾರಾಳವಾಗಿ ಹೇಳುತ್ತಾರೆ. ಹನುಮಂತರಾಜುವಿಗೆ ಆ ಸೌಲಭ್ಯ ಇರಲಿಲ್ಲ. ಅತ್ತೆ ಅವನ ಮುಖವನ್ನೇ ನೋಡುತ್ತಿದ್ದರು. ಅವನು ಗಂಟಲು ಸರಿಮಾಡಿಕೊಂಡು, ಇದು ಹೊಂಚು ಹಾಕುವ ಜಾತಿ ಎಂದ.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಪುಟ್ಟಗಂಗಮ್ಮ, ನೋಡೋಕೆ ಹೆಂಗಿರ್ತದೆ ಎಂದು ಕೇಳಿದರು. ಅವನು ಕತ್ತೆತ್ತಿ ಅಟ್ಟ ನೋಡಿದ. ಅಲ್ಲಿ ಕಂಡದ್ದು ತೆಂಗಿನಕಾಯಿ. ಥೇಟು ತೆಂಗಿನಕಾಯಿ ಥರವೇ ಇರುತ್ತದೆ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದ. ಮೈಮೇಲೆ ನಾರು, ತುದಿಯಲ್ಲಿ ಮೂರು ಕಣ್ಣು, ಎರಡು ಸುಮ್ಮನೆ ತೋರಿಕೆಗೆ. ಹನ್ನೊಂದು ತಿಂಗಳು ಊಟವಿಲ್ಲದೆ, ರೆಪ್ಪೆ ಬಡಿಯದೆ ಕಾಯುತ್ತದೆ. ಬೇಟೆಯ ಹಿಂದೆ ಓಡುವ ಚಪಲವೇ ಅದಕ್ಕಿಲ್ಲ. ಬೇಟೆಯೇ ಬಂದು ಬಾಯಿಗೆ ಬೀಳಬೇಕು, ಅಂಥ ಸೋಮಾರಿ. ಹೇಳುತ್ತ ಹೋದಂತೆ ಆ ಪ್ರಾಣಿ ಅವನಿಗೇ ಇಷ್ಟವಾಗತೊಡಗಿತು.

"ಹನ್ನೊಂದು ತಿಂಗ್ಳು ಯಾವ್ ಬೇಟೆಗಪ್ಪ ಕಾಯ್ತದೆ ಅಟ್ಟದ್ ಮೇಲೆ?" ಎಂದರು ರಾಮಾಂಜಿನಯ್ಯ.

ಒಳ್ಳೆಯ ಪ್ರಶ್ನೆ. ಹನುಮಂತರಾಜು ಮತ್ತೊಮ್ಮೆ ಕತ್ತೆತ್ತಿ ಅಟ್ಟ ನೋಡಿದ. ಆಮೇಲೆ ಅವನ ಬಾಯಿಂದ ಬಂದದ್ದು ಪ್ರಾಣಿಶಾಸ್ತ್ರದ ಯಾವ ಪುಸ್ತಕದಲ್ಲೂ ಇಲ್ಲ. "ಕಿವಿಗೆ" ಎಂದ. ತನ್ನ ಹೊಟ್ಟೆಯೊಳಗೆ ತಾನೇ ಲೊಟಲೊಟ ಸದ್ದು ಮಾಡಿಕೊಳ್ಳುತ್ತದೆ, ಜನ ಕೊಬ್ಬರಿಯಾಗಿದೆ ಎಂದು ಎತ್ತಿ ಕಿವಿಯ ಹತ್ತಿರ ಹಿಡಿಯುತ್ತಾರೆ, ಅದು ಕಾದಿರುವುದು ಆ ಒಂದು ಕ್ಷಣಕ್ಕೆ. ಅತ್ತೆಯವರ ಬೆರಳಿಗೆ ಬಾಯಿ ಹಾಕಿದ್ದು ಅದರ ಆತುರ, ಎಳೆಯದಿರಬೇಕು.

ಪಡಸಾಲೆಯಲ್ಲಿದ್ದವರ ಕೈಗಳೆಲ್ಲ ಮೆಲ್ಲಗೆ ಕಿವಿಗೆ ಹೋದವು. ಹುಟ್ಟಿದಾಗಿನಿಂದ ದಿನಕ್ಕೆ ನೂರು ಕಾಯಿಯಂತೆ ಕಿವಿಗೆ ಹಿಡಿದು ಬೆಳೆದ ಊರು ಅದು. ತಾನು ಯಾವ ಗಂಡಾಂತರದಿಂದ ಪಾರಾಗಿ ಬಂದಿದ್ದೇನೆಂದು ಒಬ್ಬೊಬ್ಬರಿಗೂ ಆಗ ಅರ್ಥವಾಯಿತು. ಮೊಟ್ಟೆ ಇಡುತ್ತದೋ ಮರಿ ಹಾಕುತ್ತದೋ ಎಂದು ಪುಟ್ಟಗಂಗಮ್ಮ ಕೇಳಿದರು. ಮೊಟ್ಟೆಯೇ, ಅಡಿಕೆ ಗಾತ್ರದ್ದು, ಬಣ್ಣವೂ ಹಾಗೇ ಎಂದ ಹನುಮಂತರಾಜು. ಪುಟ್ಟಗಂಗಮ್ಮ ಅಗಿಯುತ್ತಿದ್ದುದನ್ನು ನಿಲ್ಲಿಸಿ, ಎದ್ದು ಹಿತ್ತಲಿಗೆ ಹೋಗಿ, ಸೊಂಟದ ಎಲೆ ಅಡಿಕೆ ಚೀಲವನ್ನು ತಿಪ್ಪೆಗೆ ಕೊಡವಿ ಬಂದರು.

ಶಾಸ್ತ್ರೀಯ ಹೆಸರನ್ನೂ ಕೇಳಿದರು. ಹನುಮಂತರಾಜು ದಿನಾ ಒರೆಸುವ ಬಾಟಲಿಗಳಲ್ಲಿ ಬಹಳಷ್ಟು ಹೆಸರುಗಳು ಕೊನೆಗೆ ಎನ್ಸಿಸ್ ಎಂದು ಮುಗಿಯುವುದನ್ನು ಗಮನಿಸಿದ್ದ. ಆದ್ದರಿಂದ ಟ್ರೈನೇತ್ರಸ್ ಅಟ್ಟೆನ್ಸಿಸ್ ಎಂದ. ಊರಿನ ನಾಲಿಗೆ ಅದಕ್ಕೆ ಹೊರಳಲಿಲ್ಲ. ಸಂಜೆಯೊಳಗೆ ಕಾಯಿಗುಮ್ಮ ಎಂದಾಯಿತು.

ವಾಪಸು ಬರುವಾಗ ಪ್ರಮೀಳಾ ಬಸ್ಸು ಗುಬ್ಬಿ ದಾಟಲೆಂದು ಕಾದಳು. ಆಮೇಲೆ, ನಾಳೆಯೇ ಫೋನು ಮಾಡಿ ಅವ್ವನಿಗೆ ನಿಜ ಹೇಳಿಬಿಡಿ ಎಂದಳು.

"ಯಾವ್ ನಿಜ ಕಣೇ? ಈಗ ಎರಡವೆ" ಎಂದ ಹನುಮಂತರಾಜು.

"ಚಿಕ್ಕದ್ರಿಂದ ಶುರು ಮಾಡಿ."

ಎರಡರಲ್ಲಿ ಚಿಕ್ಕದು ಯಾವುದು ಎಂದು ಯೋಚಿಸುವುದರಲ್ಲೇ ಅವನಿಗೆ ಒಂದು ವಾರ ಕಳೆಯಿತು. ಅಷ್ಟರಲ್ಲಿ ಕಾಯಿಗುಮ್ಮ ಗುಬ್ಬಿ ತಾಲ್ಲೂಕನ್ನು ಗೆದ್ದು ಕುಣಿಗಲ್ಲಿಗೆ ಕಾಲಿಟ್ಟಿತ್ತು. ಸಾಸಲಪಾಳ್ಯದ ಗಂಡಸರು ಫೆಬ್ರವರಿಯ ಬಿಸಿಲಲ್ಲಿ ತಲೆಗೆ ಟವೆಲು ಬಿಗಿದು ಕಿವಿ ಮುಚ್ಚಿಕೊಂಡು ಓಡಾಡಿದರು. ಓಲೆ ಹೊಳೆದರೆ ಅದಕ್ಕೆ ಬೇಗ ಗುರಿ ಸಿಗುತ್ತದೆಂದು ಯಾರೋ ಹೇಳಿ, ಹೆಂಗಸರು ಓಲೆ ಬಿಚ್ಚಿ ಡಬ್ಬಿಗೆ ಹಾಕಿದರು. ಗುಬ್ಬಿ ಸಂತೆಯಲ್ಲಿ ಕೊಬ್ಬರಿ ವ್ಯಾಪಾರಿಗಳು ಹೆಲ್ಮೆಟ್ ಹಾಕಿಕೊಂಡು ಕಾಯಿ ಅಲ್ಲಾಡಿಸಿದರು. ಹೆಲ್ಮೆಟ್ಟಿನೊಳಗೆ ಏನೂ ಕೇಳಿಸದೆ, ಎಲ್ಲ ಕಾಯೂ ಹಸಿ ಎಂದು ಬಿಟ್ಟು ಹೋದರು. ಎಷ್ಟೋ ವರ್ಷದ ಹಿಂದೆ ಜಗಳದಲ್ಲಿ ಷಡ್ಡಕನಿಂದ ಕಿವಿ ಕಚ್ಚಿಸಿಕೊಂಡಿದ್ದ ಒಬ್ಬಾತ, ಅದು ಷಡ್ಡಕನಲ್ಲ, ಕಾಯಿಗುಮ್ಮ ಎಂದು ಹೊಸದಾಗಿ ನೆನಪು ಮಾಡಿಕೊಂಡು, ಷಡ್ಡಕನೊಡನೆ ರಾಜಿಯಾದ. ಆ ಪ್ರಾಣಿಯಿಂದ ಆದ ಒಂದೇ ಉಪಕಾರ ಅದು. ಹುತ್ರಿದುರ್ಗದಿಂದ ಯಾರೋ ಅದರ ಸಾರು ಬಹಳ ರುಚಿ, ಆದರೆ ಹುರುಳಿಯ ಜೊತೆ ಹಾಕಬಾರದು ಎಂದು ವಾಟ್ಸಾಪಿನಲ್ಲಿ ಎಚ್ಚರಿಕೆ ಕೊಟ್ಟರು.

ಆಮೇಲೆ ಅರಣ್ಯ ಇಲಾಖೆಯ ಗಾರ್ಡು ದಯಾನಂದ ಬಂದ. ಚಿಕ್ಕ ವಯಸ್ಸಿನ, ನಿಯತ್ತಿನ ಹುಡುಗ. ಅವನ ಕೈಯಲ್ಲೊಂದು ಫಾರಂ ಇತ್ತು, ಫಾರಮ್ಮಿನಲ್ಲಿ ಹದಿನಾಲ್ಕು ಕಾಲಂ. ಪ್ರಾಣಿ ಕಣ್ಣಿಗೆ ಬಿದ್ದಿದೆಯೇ ಎಂಬ ಕಾಲಮ್ಮಿಗೆ ಬಂದಾಗ ರಾಮಾಂಜಿನಯ್ಯ, ಬೀಳದೇ ಇರುವುದೇ ಅದರ ಲಕ್ಷಣ ಎಂದು ಪ್ರೊಫೆಸರ್ ಹೇಳಿದ್ದಾರೆ ಎಂದರು. ದಯಾನಂದ "ಬಿದ್ದಿಲ್ಲ, ಲಕ್ಷಣ ಸರಿಯಾಗಿದೆ" ಎಂದು ಬರೆದುಕೊಂಡ. ಆಮೇಲೆ ಅವನಿಗೊಂದು ಅನುಮಾನ ಹುಟ್ಟಿತು. ಅಟ್ಟದ ಮೇಲಿರುವ ಮೂರು ಸಾವಿರ ಕಾಯಲ್ಲಿ ಯಾವುದೋ ಒಂದು ಅಪರೂಪದ ವನ್ಯಜೀವಿ. ಕಾಯೆಂದು ತಿಳಿದು ಅದನ್ನು ಮಚ್ಚಿನಲ್ಲಿ ಸುಲಿದುಬಿಟ್ಟರೆ ವನ್ಯಜೀವಿ ಹತ್ಯೆ. ಆದ್ದರಿಂದ ತಜ್ಞರು ಬಂದು ಗುರುತಿಸುವವರೆಗೆ ಸಾಸಲಪಾಳ್ಯದ ಯಾವ ಅಟ್ಟದ ಯಾವ ಕಾಯನ್ನೂ ಇಳಿಸಕೂಡದು, ಒಡೆಯಕೂಡದು ಎಂದು ಬರೆದು ಎಲ್ಲರ ಬಾಗಿಲಿಗೂ ಅಂಟಿಸಿ ಹೋದ.

ಈಗ ಊರು ಗೊಣಗತೊಡಗಿತು. ಆದ ಕೊಬ್ಬರಿ ಅಟ್ಟದಲ್ಲೇ ಕೂತಿದೆ, ಇನ್ನು ತಿಂಗಳು ಬಿಟ್ಟರೆ ಹುಳ ಬೀಳುತ್ತದೆ. ಪ್ರೊಫೆಸರು ಸುಮ್ಮನಿದ್ದಿದ್ದರೆ ಆಗುತ್ತಿತ್ತು ಎಂದು ಕೆಲವರೆಂದರು. ಚಿಕ್ಕಗಂಗಮ್ಮ ಅಂಥವರ ಮನೆ ಬಾಗಿಲಿಗೇ ಹೋಗಿ, ಕಟ್ಟು ಕಟ್ಟಿದ ಕೈ ಮುಂದೆ ಮಾಡಿ ಜಗಳ ಕಾಯ್ದರೆಂದು ಪ್ರಮೀಳಾಳಿಗೆ ಸುದ್ದಿ ಬಂತು. ನಮ್ಮ ಅಳಿಯಂದಿರು ಹೇಳಿದ ಮೇಲೆ ಮುಗಿಯಿತು, ನಿಮ್ಮ ಕಿವಿ ಉಳಿಸಿದ್ದಕ್ಕೆ ಅವರಿಗೆ ಈ ಮಾತೇ ಎಂದು ಕೇಳಿದರಂತೆ. ಇದನ್ನು ಕೇಳಿ ಹನುಮಂತರಾಜು ಊಟದ ತಟ್ಟೆ ಬಿಟ್ಟು ಎದ್ದ. ಅವರು ಬೈದಿದ್ದರೆ ಎಷ್ಟೋ ಹಗುರವಾಗಿರುತ್ತಿತ್ತು.

ತಜ್ಞರನ್ನು ಕಳಿಸಿರೆಂದು ಅರಣ್ಯ ಇಲಾಖೆ ಬರೆದ ಪತ್ರ ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಜಿಲ್ಲೆಯಲ್ಲಿ ಪ್ರಾಣಿಯ ಬಗ್ಗೆ ಏನೇ ಕೇಳಬೇಕಾದರೂ ಹನುಮಂತರಾಜುವಿನ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವನ್ನೇ ಕೇಳುವುದು. ವಿಭಾಗದ ಮುಖ್ಯಸ್ಥೆ ಉಮಾಮಹೇಶ್ವರಿ ಮೇಡಂ ಜೂನಿನಲ್ಲಿ ನಿವೃತ್ತರಾಗುವವರು. ಮೂವತ್ತನಾಲ್ಕು ವರ್ಷ ಕಪ್ಪೆ, ಜಿರಲೆ, ಎರೆಹುಳು ಈ ಮೂರನ್ನೇ ಪಾಠ ಮಾಡಿ, ಒಂದಾದರೂ ಹೊಸ ಜೀವಿಯನ್ನು ಕಂಡುಹಿಡಿಯಲಿಲ್ಲವಲ್ಲ ಎಂಬ ಕೊರಗು ಅವರಲ್ಲಿ ಉಳಿದಿತ್ತು. ಹನುಮಂತರಾಜು ಟೀ ಲೋಟ ತಂದಾಗ ಅವರ ಒಂದು ಕೈಯಲ್ಲಿ ಇಲಾಖೆಯ ಪತ್ರ, ಇನ್ನೊಂದರಲ್ಲಿ ದಿನಪತ್ರಿಕೆ.

"ರಾಜು, ಪೇಪರಲ್ಲಿ ಈ ಪ್ರಾಣೀನ ಗುರುತಿಸಿದ್ದು ನಮ್ಮ ಕಾಲೇಜಿನ ಪ್ರೊಫೆಸರ್ ಹನುಮಂತರಾಜು ಅಂತ ಬರ್ದಿದಾರೆ. ನಿನ್ನ ಹೆಸರಿನೋರು ಯಾರಾದ್ರೂ ಇದಾರೇನಯ್ಯ ನಮ್ಮಲ್ಲಿ?"

"ಇರಬೋದು ಮೇಡಂ. ವಿಚಾರಿಸ್ತೀನಿ" ಎಂದ ಹನುಮಂತರಾಜು.

ಮೇಡಂ ಹೆಚ್ಚು ಕೆದಕಲಿಲ್ಲ. ಮೂರು ಕಣ್ಣಿನ ಪ್ರಾಣಿಯ ಆಸೆ ಅವರನ್ನು ಆಗಲೇ ಹಿಡಿದಿತ್ತು. ಶನಿವಾರ ಬೆಳಿಗ್ಗೆ ತಮ್ಮ ಕಾರಿನಲ್ಲಿ ಬಲೆ, ಗಾಜಿನ ಜಾಡಿ, ಚರ್ಮದ ಕೈಗವಸು ಎಲ್ಲ ಇಟ್ಟುಕೊಂಡು ಹೊರಟರು. ಸಾಮಾನು ಹೊರಲು ಅಟೆಂಡರ್ ಬೇಕಲ್ಲ, ಹನುಮಂತರಾಜುವನ್ನೂ ಕೂರಿಸಿಕೊಂಡರು. ಅವನು ಹೊಟ್ಟೆನೋವೆಂದ. ಮೇಡಂ ಪರ್ಸಿನಿಂದ ಮಾತ್ರೆ ತೆಗೆದುಕೊಟ್ಟರು. ಅಜ್ಜಿ ತೀರಿಹೋದರೆಂದ. ಅವರು ಹೋದ ವರ್ಷವೇ ತೀರಿಹೋದರಲ್ಲ, ನಾನೇ ರಜೆ ಕೊಟ್ಟಿದ್ದೆ ಎಂದರು ಮೇಡಂ. ಗುಬ್ಬಿ ಬಂದಾಗ, ಆ ಪ್ರೊಫೆಸರ್ ಯಾರೆಂದು ತಿಳಿಯಿತೇ ಎಂದು ಕೇಳಿದರು. ಅಲ್ಲೇ ಸಿಗುತ್ತಾರೆ ಮೇಡಂ ಎಂದು ಅವನು ಕಿಟಕಿಯಾಚೆ ನೋಡಿದ.

ಸಾಸಲಪಾಳ್ಯದ ಅತ್ತೆಮನೆ ಬಾಗಿಲಲ್ಲಿ ಜನ ಹಾರ ಹಿಡಿದು ನಿಂತಿದ್ದರು. ಹನುಮಂತರಾಜು ಹೆಗಲಿಗೆ ಬಲೆ, ಒಂದು ಕೈಗೆ ಜಾಡಿ, ಇನ್ನೊಂದಕ್ಕೆ ಮೇಡಮ್ಮಿನ ಬ್ಯಾಗು ಹಿಡಿದು ಕಾರಿನಿಂದಿಳಿದ. ಹಾರ ನೇರವಾಗಿ ಅವನ ಕೊರಳಿಗೆ ಬಿತ್ತು. ರಾಮಾಂಜಿನಯ್ಯ ಮುಂದೆ ಬಂದು ಅವನ ಕೈಯಿಂದ ಬ್ಯಾಗು, ಜಾಡಿ, ಬಲೆ ಒಂದೊಂದಾಗಿ ಕಿತ್ತು ಮೇಡಮ್ಮಿನ ಕೈಗೆ ಹೊರಿಸಿದರು.

"ನಮ್ ಪ್ರೊಫೆಸರ್ ಕೈಲಿ ಸಾಮಾನ್ ಹೊರಿಸ್ತೀಯೇನಮ್ಮ? ಎಷ್ಟ್ ವರ್ಸ ಆಯ್ತು ನೀನು ಕೆಲ್ಸಕ್ಕೆ ಸೇರಿ?"

"ಮೂವತ್ನಾಲ್ಕು" ಎಂದರು ಮೇಡಂ, ಬಲೆಯೊಳಗಿಂದ.

"ಅಷ್ಟಾದ್ರೂ ಕಲೀಲಿಲ್ವಾ" ಎಂದು ರಾಮಾಂಜಿನಯ್ಯ ಮರುಗಿದರು.

ಮೇಡಂ ಹಾರ ಹಾಕಿಕೊಂಡು ನಿಂತ ತಮ್ಮ ಅಟೆಂಡರನ್ನು ನೋಡಿದರು. ಅವನು ನೆಲ ನೋಡಿದ. ಸೂಕ್ಷ್ಮದರ್ಶಕದಲ್ಲಿ ಕಣ್ಣು ಸವೆಸಿದವರಿಗೆ ಒಂದು ನೋಟವೇ ಸಾಕಾಯಿತು. ಬೈದಿದ್ದರೆ ಅವನು ಅಲ್ಲೇ ಕಾಲಿಗೆ ಬೀಳುತ್ತಿದ್ದನೇನೋ. ಅವರು ಬೈಯಲಿಲ್ಲ. ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಬಹಳ ವಿನಯದಿಂದ, "ಹೇಳಿ ಸರ್, ನಾನೇನು ಮಾಡ್ಬೇಕು?" ಎಂದರು. ಹನುಮಂತರಾಜುವಿನ ಜೀವಮಾನದಲ್ಲಿ ಯಾವ ಬೈಗುಳವೂ ಆ ಸರ್ ಎಂಬ ಮಾತಿನಷ್ಟು ಚುಚ್ಚಿರಲಿಲ್ಲ.

ಮನೆಯೊಳಗೆ ಏಣಿ ಸಿದ್ಧವಾಗಿತ್ತು. ಯಾರು ಹತ್ತುವುದೆಂಬ ಪ್ರಶ್ನೆ ಬಂತು. ದಯಾನಂದ ತನ್ನದು ಬರೆಯುವ ಕೆಲಸ ಮಾತ್ರ ಎಂದು ಫಾರಮ್ಮನ್ನು ಎದೆಗವಚಿಕೊಂಡ. ಮೇಡಮ್ಮಿಗೆ ಸತ್ತ ಪ್ರಾಣಿಗಳ ಬಗ್ಗೆ ಇದ್ದ ಧೈರ್ಯ ಬದುಕಿದ್ದವುಗಳ ಬಗ್ಗೆ ಇರಲಿಲ್ಲ. ಸರ್ ಇರುವಾಗ ನಾನು ಹತ್ತುವುದು ಮರ್ಯಾದೆಯಲ್ಲ ಎಂದು ಅವರು ಕೈಗವಸನ್ನು ಅವನತ್ತ ಚಾಚಿದರು. ಊರು ಟವೆಲು ಬಿಗಿದುಕೊಂಡು ಗೋಡೆಗೆ ಸರಿಯಿತು. ಹನುಮಂತರಾಜು ಹಾರದ ಸಮೇತ ಏಣಿ ಹತ್ತಿದ.

ಅಟ್ಟದ ಮೇಲೆ ಕಾಯಿಗಳ ನಡುವೆ ಮಂಡಿಯೂರಿ ಟಾರ್ಚು ಬಿಟ್ಟ. ತಾನೇ ಹುಟ್ಟಿಸಿದ ಪ್ರಾಣಿ ಎಂದು ಅವನಿಗೆ ಗೊತ್ತಿತ್ತು. ಆದರೂ ಒಂದೊಂದು ಕಾಯೂ ಅವನ ಕಿವಿಯನ್ನೇ ನೋಡುತ್ತಿರುವಂತೆ ಕಂಡು, ಎಡಗಿವಿಗೊಂದು ಕೈ ಅಡ್ಡ ಹಿಡಿದುಕೊಂಡೇ ತೆವಳಿದ. ಮೂಲೆಯ ಗೋಡೆಯ ಹತ್ತಿರ ಏನೋ ಮಿನುಗಿತು. ಕಬ್ಬಿಣದ ಹಲ್ಲು. ಎತ್ತಿ ನೋಡಿದರೆ ಇಲಿ ಹಿಡಿಯುವ ಕತ್ತರಿ. ಅದರ ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ "ಪ್ರಾಣಿಶಾಸ್ತ್ರ ವಿಭಾಗ, ೭" ಎಂದಿತ್ತು. ಅಕ್ಷರ ಅವನದೇ.

ಆಗ ಎಲ್ಲ ನೆನಪಾಯಿತು. ದೀಪಾವಳಿಗೆ ಬಂದಾಗ ಅತ್ತೆ ಇಲಿಕಾಟ ಎಂದಿದ್ದರು. ಮುಂದಿನ ವಾರ ಬರುವಾಗ ಅವನು ವಿಭಾಗದ ಕತ್ತರಿಯೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಅತ್ತೆ ತೋಟಕ್ಕೆ ಹೋಗಿದ್ದಾಗ ಕದ್ದು ಅಟ್ಟದಲ್ಲಿ ಹೂಡಿದ್ದ. ಪ್ರೊಫೆಸರು ಇಲಿಗೆ ಕತ್ತರಿ ಹೂಡುವುದನ್ನು ಯಾರೂ ನೋಡಬಾರದಲ್ಲ. ಯಾರಿಗೂ ಹೇಳಲಿಲ್ಲ. ಆಮೇಲೆ ತಾನೇ ಮರೆತ. ಕತ್ತರಿ ಮರೆಯಲಿಲ್ಲ. ರೆಪ್ಪೆ ಬಡಿಯದೆ, ಊಟವಿಲ್ಲದೆ, ಮೂರು ತಿಂಗಳು ಬಾಯಿ ತೆರೆದುಕೊಂಡು ಕಾದಿತ್ತು. ಅದರ ಹೊಂಚಿನ ಬಗ್ಗೆ ಅವನು ಪಡಸಾಲೆಯಲ್ಲಿ ಕೂತು ಹೇಳಿದ್ದರಲ್ಲಿ ಕಿವಿಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ನಿಜವೇ ಆಗಿತ್ತು.

ಮುಚ್ಚಿಹಾಕುವುದು ಕಷ್ಟವಿರಲಿಲ್ಲ. ಕತ್ತರಿಯನ್ನು ಕಾಯಿಯ ರಾಶಿಯೊಳಗೆ ತುರುಕಿ, ಪ್ರಾಣಿ ವಲಸೆ ಹೋಗಿದೆ ಎಂದರೆ ಆಯಿತು. ಊರು ನಂಬುತ್ತದೆ, ಕೊಬ್ಬರಿ ಇಳಿಯುತ್ತದೆ, ಅತ್ತೆಯ ಅಳಿಯ ಪ್ರೊಫೆಸರಾಗಿಯೇ ಉಳಿಯುತ್ತಾನೆ. ತುರುಕಲು ಕೈ ಹಾಕಿದವನು ಅಟ್ಟದ ಸಂದಿನಿಂದ ಕೆಳಗೆ ನೋಡಿದ. ಇಡೀ ಊರು ಕಿವಿ ಮುಚ್ಚಿಕೊಂಡು ಗೋಡೆಗಂಟಿತ್ತು. ಚಿಕ್ಕಗಂಗಮ್ಮ ಒಬ್ಬರು ಮಾತ್ರ ಬರಿಕಿವಿಯಲ್ಲಿ ಏಣಿಯ ಬುಡದಲ್ಲಿ ನಿಂತು, ನೋಯುವ ಕೈಯನ್ನೂ ಸೇರಿಸಿ ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡಿದ್ದರು.

"ಅಳಿಯಂದ್ರೆ, ಸಾಕು ಇಳೀರಿ" ಎಂದರು ಅವರು, ಮೇಲೆ ನೋಡುತ್ತ. "ಕೊಬ್ರಿ ಹಾಳಾಗೋಗ್ಲಿ. ನಿಮ್ಗೇನಾದ್ರೂ ಆದ್ರೆ ನನ್ ಮಗ್ಳಿಗೇನ್ ಹೇಳ್ಲಿ?"

ಹನುಮಂತರಾಜು ಒಳ್ಳೆಯವನು. ಹೆದರುಪುಕ್ಕಲ, ಸ್ವಲ್ಪ ಪೆದ್ದ, ಆದರೆ ಒಳ್ಳೆಯವನು. ಅವನಿಗೆ ಕಣ್ಣಲ್ಲಿ ನೀರು ಬಂತು. ಕತ್ತರಿ ಹಿಡಿದುಕೊಂಡು ಏಣಿ ಇಳಿದು ಅತ್ತೆಯ ಮುಂದೆ ನಿಂತ.

"ಅತ್ತೆ, ನಿಮ್ಮನ್ನ ಕಚ್ಚಿದ್ದು ಇದು. ಇಲಿಗೆ ಅಂತ ನಾನೇ ಇಟ್ಟು ಮರ್ತಿದ್ದೆ. ಕಾಯಿಗುಮ್ಮ ಅನ್ನೋದು ಇಲ್ವೇ ಇಲ್ಲ. ನಾನು ಪ್ರೊಫೆಸರೂ ಅಲ್ಲ. ಅಟೆಂಡರ್."

ರಾಮಾಂಜಿನಯ್ಯ ತಲೆಯಾಡಿಸಿ, ಮೇಲಿನಿಂದ ಒತ್ತಡ ಬಂದಿದೆ ಎಂದು ಪಿಸುಗುಟ್ಟಿದರು. ಜನ ಹೆದರಬಾರದೆಂದು ಸರ್ಕಾರ ಪ್ರೊಫೆಸರ ಬಾಯಲ್ಲಿ ಹೀಗೆ ಹೇಳಿಸುತ್ತಿದೆ, ಪಾಪ ಕೆಲಸಕ್ಕೇ ಕುತ್ತು ಬಂದಿರಬೇಕು ಎಂದರು. ಇವರು ನಿಜಕ್ಕೂ ನಮ್ಮ ಅಟೆಂಡರ್ ಎಂದು ಮೇಡಂ ಗಟ್ಟಿಯಾಗಿ ಹೇಳಿದರು. ಕೈಕೆಳಗಿನವರಿಗೆ ಹೊಟ್ಟೆಕಿಚ್ಚು ಇದ್ದದ್ದೇ ಎಂದು ಊರು ಅವರತ್ತ ಕನಿಕರದಿಂದ ನೋಡಿತು. ಹನುಮಂತರಾಜು ಕತ್ತರಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ. ಜನ ಇನ್ನೆರಡು ಹೆಜ್ಜೆ ಹಿಂದೆ ಸರಿದರು.

"ಕಾಯಿ ಥರ ಇರಕ್ಕೆ ಬರದು, ಕತ್ರಿ ಥರ ಇರಕ್ಕೆ ಬರಲ್ವಾ?" ಎಂದರು ಪುಟ್ಟಗಂಗಮ್ಮ. "ಕೆಳಗಿಡಪ್ಪ ಅದ್ನ."

ದಯಾನಂದ ಫಾರಮ್ಮಿನಲ್ಲಿ "ಪ್ರಾಣಿ ಪತ್ತೆ, ಕಬ್ಬಿಣದ್ದು" ಎಂದು ಬರೆದು, ಬಾಗಿಲಿನ ಚೀಟಿ ಕಿತ್ತುಹಾಕಿ, ತನ್ನ ಮಟ್ಟಿಗೆ ಮುಗಿಯಿತು ಎಂದ. ಊರು ಮಾತ್ರ ಹೊರಗೆ ಹೋಗಿ ಬೇಲಿಯಾಚೆ ನಿಂತಿತು, ಒಳಗೆ ಉಳಿದವರಿಗೆ ಏನಾಗುತ್ತದೋ ನೋಡೋಣವೆಂದು. ಮೇಡಂ ಏಳನೇ ನಂಬರಿನ ಕತ್ತರಿಯನ್ನು ಖಾಲಿ ಜಾಡಿಯೊಳಗಿಟ್ಟು, ಸೋಮವಾರ ಮಾತಾಡೋಣ ಸರ್ ಎಂದು ಕಾರು ಹತ್ತಿದರು. ನಿವೃತ್ತಿಗೆ ಮುಂಚೆ ಇಷ್ಟಾದರೂ ಸಿಕ್ಕಿತಲ್ಲ ಎಂಬಂತೆ ಅವರ ಮುಖದಲ್ಲೊಂದು ನಗುವಿತ್ತು.

ಪಡಸಾಲೆಯಲ್ಲಿ ಉಳಿದವರು ಇಬ್ಬರು. ಅವನ ಮಾತನ್ನು ಸಾಸಲಪಾಳ್ಯದಲ್ಲಿ ನಂಬಿದ್ದು ಚಿಕ್ಕಗಂಗಮ್ಮ ಒಬ್ಬರೇ. ಅಳಿಯ ಹೇಳಿದ್ದನ್ನು ಅವರು ಯಾವಾಗ ನಂಬಿಲ್ಲ? ಗೋಡೆಗೊರಗಿ ಕೂತು, ಬಹಳ ಹೊತ್ತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹನುಮಂತರಾಜು ಹಾರ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಕುರ್ಚಿ ಅಲ್ಲೇ ಇತ್ತು, ಕೂರಲು ಅವನಿಗೆ ಧೈರ್ಯವಾಗಲಿಲ್ಲ.

"ಅಟೆಂಡರ್ ಅಂದ್ರೆ ಏನ್ ಕೆಲ್ಸ?" ಎಂದರು ಕೊನೆಗೆ.

"ಕಸ ಗುಡಿಸೋದು, ಬಾಟ್ಲಿ ತೊಳ್ಯೋದು, ಮೇಲಿಂದು ಕೆಳಗಿಡೋದು, ಕೆಳಗಿಂದು ಮೇಲಿಡೋದು."

"ಏಣಿ ಹತ್ತಿ ಅಭ್ಯಾಸ ಅದೆ ಅನ್ನು."

"ಅದೆ ಅತ್ತೆ. ದಿನಾ ಹತ್ತೀನಿ."

ಚಿಕ್ಕಗಂಗಮ್ಮ ಮಂಡಿಯ ಮೇಲೆ ಕೈಯಿಟ್ಟುಕೊಂಡರು. "ಇಪ್ಪತ್ತೆರಡು ವರ್ಸ" ಎಂದರು. "ಇಪ್ಪತ್ತೆರಡು ವರ್ಸದಿಂದ ಈ ಹಾಳು ಮಂಡಿ ಇಟ್ಕೊಂಡು ಮೂರ್ ಮೂರ್ ಸಾವ್ರ ಕಾಯಿ ನಾನೇ ಹತ್ತಿಸಿದೀನಿ, ನಾನೇ ಇಳಿಸಿದೀನಿ. ನೀನು ಇಲ್ಲೇ ಕುರ್ಚಿ ಮೇಲೆ ಕುಂತಿರ್ತಿದ್ದೆ. ಪ್ರೊಫೆಸರ್‌ಗೆ ಹೆಂಗಪ್ಪ ಹೇಳದು ಅಂತ ಸುಮ್ಕಿದ್ದೆ. ಒಂದ್ ಮಾತು ಅಟೆಂಡರ್ ಅಂದಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

ಅತ್ತೆಯ ಕಣ್ಣಲ್ಲಿ ತಾನು ಸಣ್ಣವನಾಗುತ್ತೇನೆಂದು ಇಷ್ಟು ವರ್ಷ ಹೆದರಿದ್ದ ಹನುಮಂತರಾಜು, ಅವರು ಪ್ರತಿ ವರ್ಷ ಏಣಿ ಹತ್ತುವುದನ್ನು ಕಾಫಿ ಕುಡಿಯುತ್ತ ನೋಡಿದ್ದ. ಅದು ಈಗ ನೆನಪಾಗಿ ನಿಜಕ್ಕೂ ಸಣ್ಣವನಾದ. ಶರಟಿನ ತೋಳು ಮಡಿಸಿಕೊಂಡ.

"ಹತ್ತು" ಎಂದರು ಚಿಕ್ಕಗಂಗಮ್ಮ.

ಅವನು ಹತ್ತಿದ. ಒಂದೊಂದೇ ಕಾಯನ್ನು ಕೆಳಗೆ ಕೊಟ್ಟ. ಅವರು ಅದನ್ನು ಬರಿಕಿವಿಗೆ ಹಿಡಿದು ಅಲ್ಲಾಡಿಸಿ, ಆಗಿದ್ದನ್ನು ಈ ಕಡೆ, ಆಗದ್ದನ್ನು ಆ ಕಡೆ ಇಟ್ಟರು. ಬೇಲಿಯಾಚೆ ನಿಂತ ಊರು ಪ್ರತಿ ಕಾಯಿಗೂ ಉಸಿರು ಬಿಗಿಹಿಡಿದು, ಪ್ರತಿ ಕಾಯಿಗೂ ನಿರಾಶೆಪಟ್ಟಿತು. ಸಂಜೆಯವರೆಗೂ ಪಡಸಾಲೆಯಿಂದ ಕೇಳಿಸುತ್ತಿದ್ದುದು ಒಂದೇ ಮಾತು: "ಇನ್ನೊಂದ್ ಕೊಡ್ಲಾ ಹನುಮಂತ್ರಾಜು." ಆ ಮನೆಯಲ್ಲಿ ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಕರೆದಷ್ಟು ಸಲವೂ ಅವನು ಅಟ್ಟದಿಂದ, "ತಗೊಳ್ಳಿ ಅತ್ತೆ" ಎಂದ.